ಮೈಟೊಕಾಂಡ್ರಿಯಾ ವೈಫಲ್ಯ: ಅಮ್ಮನಿಂದ ಬಂದದ್ದೇ ಆಗಬೇಕಿಲ್ಲ

"ಗ್ಲಾಕೋಮಾದಲ್ಲಿ ಮೈಟೊಕಾಂಡ್ರಿಯಾ ಕೆಡುತ್ತೆ. ಮೈಟೊಕಾಂಡ್ರಿಯಾ ಬರೋದು ತಾಯಿಯಿಂದ. ಹಾಗಾಗಿ ಅಪ್ಪನಿಗೆ ಗ್ಲಾಕೋಮಾ ಇದ್ದರೆ ಮಕ್ಕಳು ಹೆದರಬೇಕಾಗಿಲ್ಲ." ಈ ಮೂರು ವಾಕ್ಯ ಮೊನ್ನೆ ಮತ್ತೆ ಕಣ್ಣಿಗೆ ಬಿತ್ತು. ಎಷ್ಟನೇ ಸಲವೋ ಗೊತ್ತಿಲ್ಲ. ಗ್ಲಾಕೋಮಾ ಅಂದರೆ ಕಣ್ಣಿನಿಂದ ಮೆದುಳಿಗೆ ಹೋಗುವ ದೃಷ್ಟಿನರ ಸವೆದು ನೋಟ ಹೋಗುವ ಕಾಯಿಲೆ. ಮೈಟೊಕಾಂಡ್ರಿಯಾ ಅಂದರೆ ಕೋಶದೊಳಗೆ ಶಕ್ತಿ ತಯಾರಿಸುವ ಸಣ್ಣ ಭಾಗಗಳು. ಮೊದಲ ಎರಡು ಸರಿ. ಮೂರನೆಯದು ತಪ್ಪು. ಅದನ್ನು ನಂಬಿ ಯಾರಾದರೂ ಕಣ್ಣು ತೋರಿಸಿಕೊಳ್ಳದೆ ಉಳಿದರೆ, ಗ್ಲಾಕೋಮಾದಲ್ಲಿ ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೈಟೊಕಾಂಡ್ರಿಯಾ ಅನ್ನುವ ಹೆಸರಿನಿಂದ ಶುರು ಮಾಡೋಣ. 1898ರಲ್ಲಿ ಜರ್ಮನಿಯ ಕಾರ್ಲ್ ಬೆಂಡಾ ಸೂಕ್ಷ್ಮದರ್ಶಕದಲ್ಲಿ ಕಂಡ ಸಣ್ಣ ವಸ್ತುಗಳಿಗೆ ಈ ಹೆಸರಿಟ್ಟರು. ಕೆಲವು ಬಿಡಿ ಕಾಳಿನಂತೆ, ಕೆಲವು ಸಾಲುಗಟ್ಟಿ ದಾರದಂತೆ ಕಾಣುತ್ತಿದ್ದವು. ಗ್ರೀಕಿನಲ್ಲಿ ಮಿಟೋಸ್ ಅಂದರೆ ದಾರ, ಕಾಂಡ್ರಿಯಾನ್ ಅಂದರೆ ಸಣ್ಣ ಕಾಳು. ಅವರು ನೋಡುತ್ತಿದ್ದದ್ದು ವೀರ್ಯಾಣು ತಯಾರಾಗುವ ಕೋಶಗಳನ್ನು. ಅಂದರೆ "ತಾಯಿಯ ಕೊಡುಗೆ" ಅಂತ ನಾವು ಹೇಳುವ ಈ ವಸ್ತುವಿಗೆ ಹೆಸರು ಬಿದ್ದದ್ದು ಗಂಡಿನ ಕೋಶಗಳಲ್ಲಿ! ಅಪ್ಪನಲ್ಲೂ ಮೈಟೊಕಾಂಡ್ರಿಯಾ ಇದೆ, ವೀರ್ಯಾಣುವಿನಲ್ಲೂ ಇದೆ. ಅಂಡದೊಳಗೆ ಹೋದ ಮೇಲೆ ಅದು ಅಳಿದುಹೋಗುತ್ತದೆ, ಅಷ್ಟೇ.

ದಾರ, ಕಾಳು ಅನ್ನುವ ಜೋಡಿಹೆಸರು ಸುಮ್ನೆ ಬಂದದ್ದಲ್ಲ. ಜೀವಂತ ಕೋಶದಲ್ಲಿ ಇವು ಒಂದಕ್ಕೊಂದು ಬೆಸೆದು ದಾರವಾಗುತ್ತವೆ, ಮತ್ತೆ ತುಂಡಾಗಿ ಕಾಳಾಗುತ್ತವೆ. ಬೆಸೆದಾಗ ಒಳಗಿನ ಸರಕು ಹಂಚಿಕೊಳ್ಳುತ್ತವೆ. ತುಂಡಾದಾಗ ಕೆಟ್ಟ ತುಂಡು ಬೇರೆಯಾಗುತ್ತದೆ, ಕೋಶ ಅದನ್ನು ಕರಗಿಸಿಬಿಡುತ್ತದೆ. ಶಾಲೆಯ ಪುಸ್ತಕದಲ್ಲಿ ಮಾತ್ರೆಯ ಆಕಾರದಲ್ಲಿ ಅಲ್ಲಾಡದೆ ಕೂತಿರುವ ಆ ಚಿತ್ರದಿಂದ ಇದು ಗೊತ್ತಾಗುವುದೇ ಇಲ್ಲ. ವೈಫಲ್ಯ ಅಂದರೆ ಕರೆಂಟ್ ಹೋದ ಹಾಗೆ ಒಂದೇ ಸಲ ಎಲ್ಲ ನಿಲ್ಲುವುದಲ್ಲ. ಬೆಸೆಯುವುದು, ತುಂಡಾಗುವುದು, ಬೇಕಾದ ಜಾಗಕ್ಕೆ ಸಾಗುವುದು, ಕೆಟ್ಟದ್ದನ್ನು ತೆಗೆದುಹಾಕುವುದು: ಇವುಗಳಲ್ಲಿ ಯಾವುದು ತಪ್ಪಿದರೂ ವೈಫಲ್ಯವೇ.

ಈಗ ಆ ಮೂರನೇ ವಾಕ್ಯ. ಮೈಟೊಕಾಂಡ್ರಿಯಾಕ್ಕೆ ಸ್ವಂತ ಡಿಎನ್ಎ ಇದೆ, ನಿಜ. ಅದರ ಉದ್ದ 16,569 ಅಕ್ಷರ. ಜೀನ್‌ಗಳು 37. ಪ್ರೋಟೀನ್ ಕಟ್ಟಲು ಹೇಳುವವು ಅದರಲ್ಲಿ ಬರೀ 13. ಆದರೆ ಅದರ ಕೆಲಸ ನಡೆಯಲು ಸಾವಿರಕ್ಕೂ ಜಾಸ್ತಿ ಬಗೆಯ ಪ್ರೋಟೀನ್ ಬೇಕು. ಉಳಿದದ್ದೆಲ್ಲ ಎಲ್ಲಿಂದ ಬರಬೇಕು? ಕೋಶದ ನ್ಯೂಕ್ಲಿಯಸ್‌ನಲ್ಲಿರುವ ಜೀನ್‌ಗಳಿಂದ. ಅವುಗಳಲ್ಲಿ ಹೆಚ್ಚಿನವು ಅಪ್ಪನಿಂದ ಒಂದು ಪ್ರತಿ, ಅಮ್ಮನಿಂದ ಒಂದು ಪ್ರತಿ ಬಂದವು. ತೊಂದರೆ ಕಾಣಿಸಿಕೊಳ್ಳುವ ಜಾಗ ಬೇರೆ, ತೊಂದರೆ ಬರೆದಿರುವ ಜಾಗ ಬೇರೆ.

ಆಪ್ಟಿನ್ಯೂರಿನ್ ಎಂಬ ಜೀನ್ ನೋಡಿ. ಅದಕ್ಕೂ ಗ್ಲಾಕೋಮಾಕ್ಕೂ ಇರುವ ನಂಟು 2002ರಲ್ಲಿ ಪ್ರಕಟವಾಯಿತು. ಈ ಜೀನ್ ಕಟ್ಟಿಸುವ ಅದೇ ಹೆಸರಿನ ಪ್ರೋಟೀನಿನ 50ನೇ ಜಾಗದಲ್ಲಿ ಒಂದು ಅಮೈನೋ ಆಮ್ಲ (ಪ್ರೋಟೀನಿನ ಒಂದು ಇಟ್ಟಿಗೆ) ಬದಲಾದರೆ ಸಾಕು, ಕಣ್ಣಿನ ಒತ್ತಡ ಮಾಮೂಲಿ ಮಿತಿಯಲ್ಲಿದ್ದೂ ದೃಷ್ಟಿನರ ಸವೆಯುವ ಗ್ಲಾಕೋಮಾ ಬರಬಹುದು. ಆಪ್ಟಿನ್ಯೂರಿನ್ ಮಾಡುವ ಕೆಲಸಗಳಲ್ಲಿ ಒಂದು, ಕೆಟ್ಟ ಮೈಟೊಕಾಂಡ್ರಿಯಾವನ್ನು ಹಿಡಿದು ವಿಲೇವಾರಿಗೆ ಒಪ್ಪಿಸುವುದು. ಈ ಜೀನ್ ಇರುವುದು 10ನೇ ಕ್ರೋಮೋಸೋಮಿನಲ್ಲಿ. ಬದಲಾದ ಪ್ರತಿ ಒಂದೇ ಇದ್ದರೂ ಸಾಕು, ಅದು ಅಪ್ಪನದೋ ಅಮ್ಮನದೋ ಅನ್ನುವ ಭೇದ ಇಲ್ಲ. ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ.

ಇನ್ನೊಂದು ಉದಾಹರಣೆ ಇದಕ್ಕಿಂತ ಸ್ಪಷ್ಟ. ಡಿಬಿಎ/2ಜೆ ಎಂಬ ತಳಿಯ ಇಲಿಗಳಿಗೆ ಗ್ಲಾಕೋಮಾ ವಂಶದಲ್ಲೇ ಇದೆ. ಅವುಗಳ ದೋಷ ಇರುವುದು ಎರಡು ಜೀನ್‌ಗಳಲ್ಲಿ, ಎರಡೂ ಕಣ್ಣಿನ ಬಣ್ಣಕ್ಕೆ ಸಂಬಂಧಪಟ್ಟವು. ಪಾಪೆಯ ಸುತ್ತಲಿನ ಬಣ್ಣದ ಪರದೆಯಿಂದ ಪುಡಿ ಉದುರುತ್ತದೆ, ಕಣ್ಣೊಳಗಿನ ನೀರು ಹೊರಹೋಗುವ ದಾರಿ ಕಟ್ಟುತ್ತದೆ, ಒತ್ತಡ ಏರುತ್ತದೆ. ಆಮೇಲೆ ರೆಟಿನಾದ (ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪದರದ) ನರಕೋಶಗಳಲ್ಲಿ ಮೈಟೊಕಾಂಡ್ರಿಯಾ ಸೋಲುತ್ತವೆ. ವಂಶದಲ್ಲಿ ಬಂದದ್ದು ಬಣ್ಣದ ಜೀನ್, ಕೆಟ್ಟದ್ದು ಮೈಟೊಕಾಂಡ್ರಿಯಾ. ಇದನ್ನು "ಮೈಟೊಕಾಂಡ್ರಿಯಾ ಕಾಯಿಲೆ" ಅನ್ನೋದು ಹೇಗೆ?

ಆ ಹೆಸರು ನಿಜವಾಗಿ ಒಪ್ಪುವ ಕಣ್ಣಿನ ಕಾಯಿಲೆ ಬೇರೆ ಇದೆ. ಅದು ಲೀಬರ್ ದೃಷ್ಟಿನರದ ಕಾಯಿಲೆ. ಅಲ್ಲಿ ದೋಷ ಮೈಟೊಕಾಂಡ್ರಿಯಾದ ಡಿಎನ್ಎಯಲ್ಲೇ ಇದೆ, ತಾಯಿಯಿಂದ ಮಾತ್ರ ದಾಟುತ್ತದೆ. ಅದು ನೋಟದ ನಡುಭಾಗವನ್ನು ಬೇಗ ಮಸುಕು ಮಾಡುತ್ತದೆ. ಗ್ಲಾಕೋಮಾ ಸಾಮಾನ್ಯವಾಗಿ ಅಂಚಿನಿಂದ, ನಿಧಾನವಾಗಿ ತಿನ್ನುತ್ತಾ ಬರುತ್ತದೆ.

ಮೈಯಲ್ಲಿ ಇಷ್ಟೊಂದು ಕೋಶಗಳಿದ್ದೂ ರೆಟಿನಾದ ಈ ನರಕೋಶಗಳೇ ಯಾಕೆ ಸೋಲಬೇಕು? ಒಂದು ಕಣ್ಣಿನಿಂದ ಮೆದುಳಿನ ಕಡೆ ಇವುಗಳ ಸುಮಾರು 10 ಲಕ್ಷ ಎಳೆಗಳು ಹೊರಡುತ್ತವೆ. ಕಣ್ಣಿನೊಳಗೆ ಇರುವಷ್ಟು ಹೊತ್ತು ಅವುಗಳಿಗೆ ಮಯಲಿನ್ ಹೊದಿಕೆ (ನರದ ಎಳೆಯನ್ನು ಸುತ್ತುವ ಕೊಬ್ಬಿನ ಪದರ) ಇಲ್ಲ. ಹೊದಿಕೆ ಇಲ್ಲದ ಎಳೆಯಲ್ಲಿ ಸಂದೇಶ ಸಾಗಿಸಲು ಎಟಿಪಿ, ಅಂದರೆ ಕೋಶಕ್ಕೆ ಶಕ್ತಿ ಕೊಡುವ ಅಣು, ಜಾಸ್ತಿ ಖರ್ಚಾಗುತ್ತದೆ. ಕಣ್ಣಿನ ಹಿಂಬದಿಯಲ್ಲಿ ಜರಡಿಯಂಥ ಒಂದು ತಟ್ಟೆ ಇದೆ, ಎಳೆಗಳು ಅದರ ತೂತುಗಳಲ್ಲಿ ನುಸುಳಿ ಹೊರಬೀಳುತ್ತವೆ. ಹೊದಿಕೆ ಶುರುವಾಗುವುದು ಅದನ್ನು ದಾಟಿದ ಮೇಲೆ. ಜರಡಿಯ ಈಚೆಗೆ, ಅಂದರೆ ಕಣ್ಣಿನ ಬದಿಗೆ, ಎಳೆಗಳಲ್ಲಿ ಮೈಟೊಕಾಂಡ್ರಿಯಾ ಕಿಕ್ಕಿರಿದಿರುತ್ತವೆ, ಆಚೆಗೆ ವಿರಳ. ಗ್ಲಾಕೋಮಾದ ಪೆಟ್ಟು ಬೀಳುವುದೂ ಇದೇ ಜರಡಿಯ ಹತ್ತಿರ.

ಗ್ಲಾಕೋಮಾದ ಮಾತಿನಲ್ಲಿ ಕೇಳಿಬರುವ "ಚಯಾಪಚಯ" (ಮೆಟಬಾಲಿಸಂ) ಅನ್ನುವುದೂ ಇಲ್ಲೇ ಬರುತ್ತದೆ. ಚಯ ಅಂದರೆ ಕೂಡಿಸುವುದು, ಅಪಚಯ ಅಂದರೆ ಒಡೆಯುವುದು. ದಯವಿಟ್ಟು ಅದನ್ನು ಜೀರ್ಣಕ್ರಿಯೆ ಅಂತ ಬಳಸಬೇಡಿ, ಇದು ಹೊಟ್ಟೆಯ ವಿಷಯ ಅಲ್ಲ. ನರಕೋಶದೊಳಗೆ ಸಕ್ಕರೆ ಒಡೆದು ಎಟಿಪಿ ಆಗಬೇಕಾದರೆ ಎನ್ಎಡಿ ಎಂಬ ಅಣು ಬೇಕು. ವಯಸ್ಸಾದಂತೆ ರೆಟಿನಾದಲ್ಲಿ ಅದು ಇಳಿಯುವುದನ್ನು ಅದೇ ತಳಿಯ ಇಲಿಗಳಲ್ಲಿ ಕಂಡರು. ವಿಟಮಿನ್ ಬಿ3ಯ ಒಂದು ರೂಪವಾದ ನಿಕೊಟಿನಮೈಡ್ ಕೊಟ್ಟಾಗ ಅವುಗಳ ದೃಷ್ಟಿನರ ಚೆನ್ನಾಗಿ ಉಳಿಯಿತು ಅನ್ನುವುದು 2017ರ ಸುದ್ದಿ. ಅದನ್ನು ಓದಿ ತಾವೇ ದೊಡ್ಡ ಪ್ರಮಾಣದಲ್ಲಿ ಮಾತ್ರೆ ನುಂಗುವವರಿದ್ದಾರೆ. ಜಾಸ್ತಿಯಾದರೆ ಲಿವರ್‌ಗೆ ತೊಂದರೆ. ಹನಿಹಾಕುವ ಔಷಧಿ ಬಿಟ್ಟು ಇದನ್ನು ಹಿಡಿಯುವುದಂತೂ ಬೇಡವೇ ಬೇಡ.

ಕಣ್ಣಿನ ಡಾಕ್ಟರ್ "ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದೆಯಾ?" ಅಂತ ಕೇಳಿದಾಗ ಅಪ್ಪ, ಅಜ್ಜ, ಸೋದರತ್ತೆ, ದೊಡ್ಡಪ್ಪ, ಚಿಕ್ಕಪ್ಪ, ಎಲ್ಲರನ್ನೂ ನೆನಪು ಮಾಡಿಕೊಂಡು ಹೇಳಿ.