ಸಾಕಿದ ಹಾವಿಗೆ ಬೆಚ್ಚನೆ ಮೂಲೆ, ತಂಪು ಮೂಲೆ

ಊಟ ನುಂಗಿದ ಹೆಬ್ಬಾವು ಪೆಟ್ಟಿಗೆಯ ಬೆಚ್ಚನೆ ಬದಿಗೆ ಹೋಗಿ ಸುತ್ತಿಕೊಂಡು ಮಲಗುತ್ತದೆ. ಆಮೇಲೆ ಒಂದೆರಡು ದಿನ ಅಲ್ಲಿಂದ ಕದಲುವುದೇ ಅಪರೂಪ. ಹೊರಗೆ ಏನೂ ಕಾಣದಿದ್ದರೂ ಒಳಗೆ ಭಾರಿ ಕೆಲಸ ನಡೆದಿರುತ್ತದೆ. ಬರ್ಮೀಸ್ ಹೆಬ್ಬಾವಿನ ಸಣ್ಣ ಕರುಳು ಊಟವಾದ ಒಂದೆರಡು ದಿನದಲ್ಲೇ ಸುಮಾರು ಎರಡು ಪಟ್ಟು ತೂಕವಾಗುತ್ತದೆ. ಜೀರ್ಣವಾದ ಮೇಲೆ ಮತ್ತೆ ಕುಗ್ಗುತ್ತದೆ.

ಈ ಕೆಲಸಕ್ಕೆ ಬೇಕಾದ ಬಿಸಿಯನ್ನು ಹಾವು ತನ್ನ ಮೈಯಲ್ಲೇ ಹುಟ್ಟಿಸಿಕೊಳ್ಳಲಾರದು. ಅದು ಹೊರಗಿನಿಂದಲೇ ಬರಬೇಕು. (ಮೊಟ್ಟೆಗೆ ಕಾವು ಕೊಡುವ ಕೆಲವು ಹೆಣ್ಣು ಹೆಬ್ಬಾವುಗಳು ಮಾತ್ರ ಬೇರೆ. ಮೈಯ ಸ್ನಾಯುಗಳನ್ನು ಅದುರಿಸಿ ಬಿಸಿ ಮಾಡುತ್ತವೆ. 1966ರಲ್ಲಿ ನ್ಯೂಯಾರ್ಕಿನ ಮೃಗಾಲಯವೊಂದರ ಹಾವಿನಲ್ಲಿ ಇದನ್ನು ಅಳೆದು ತೋರಿಸಿದರು. ನನಗೆ ಎಷ್ಟು ಸಲ ಓದಿದರೂ ಬೆರಗು ಕಡಿಮೆಯಾಗದ ಸಂಗತಿ ಇದು.) ಮೈಯ ಬಿಸಿ 10 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿದರೆ ಒಳಗಿನ ರಾಸಾಯನಿಕ ಕ್ರಿಯೆಗಳ ವೇಗ ಹೆಚ್ಚುಕಮ್ಮಿ ಅರ್ಧಕ್ಕೆ, ಕೆಲವು ಸಲ ಇನ್ನೂ ಕೆಳಕ್ಕೆ ಇಳಿಯುತ್ತದೆ. ಆಗ ನುಂಗಿದ ಇಲಿ ಕರಗುವ ಮೊದಲೇ ಹೊಟ್ಟೆಯಲ್ಲಿ ಕೊಳೆಯತೊಡಗುತ್ತದೆ, ಹಾವು ಅದನ್ನು ಕಕ್ಕಿಬಿಡುತ್ತದೆ. ಸಾಕಿದ ಹಾವು ಊಟ ಕಕ್ಕಿತು ಅಂದರೆ ಮೊದಲು ನೋಡಬೇಕಾದದ್ದು ಥರ್ಮಾಮೀಟರ್.

ಕಾಯಿಲೆಯ ವಿಷಯದಲ್ಲೂ ಇದೇ ಲೆಕ್ಕ. 1970ರ ದಶಕದಲ್ಲಿ ಮರುಭೂಮಿಯ ಇಗ್ವಾನಾಗಳಿಗೆ ಬ್ಯಾಕ್ಟೀರಿಯಾ ಚುಚ್ಚಿ ನೋಡಿದರು. ಅವು ತಾವಾಗಿಯೇ ಇನ್ನೂ ಬಿಸಿಯಾದ ಜಾಗಕ್ಕೆ ಹೋಗಿ ಕೂತವು. ಅಂದರೆ ನಡೆದುಹೋಗಿ ಜ್ವರ ಬರಿಸಿಕೊಂಡವು! ತಣ್ಣನೆ ಜಾಗದಲ್ಲೇ ಇಟ್ಟವುಗಳಲ್ಲಿ ಸತ್ತವು ಜಾಸ್ತಿ. ಹಾವುಗಳಿಗೂ ತಣ್ಣನೆ ಪೆಟ್ಟಿಗೆಯಲ್ಲಿ ಸೋಂಕಿನ ವಿರುದ್ಧ ಹೋರಾಡುವ ಶಕ್ತಿ ಕುಗ್ಗುತ್ತದೆ. ನಮ್ಮ ಹಾಗೆ ಜೋರಾಗಿ ಕೆಮ್ಮಿ ಕಫ ಹೊರಹಾಕಲು ಅವಕ್ಕೆ ಬರುವುದಿಲ್ಲ. ಹಾಗಾಗಿ ಶ್ವಾಸಕೋಶದ ಸೋಂಕು ಹಾವಿಗೆ ದೊಡ್ಡ ಗಂಡಾಂತರ.

ಹಾಗಂತ ಇಡೀ ಪೆಟ್ಟಿಗೆಯನ್ನು ಒಂದೇ ಸಮ ಬಿಸಿ ಮಾಡಿಟ್ಟರೆ ಆಯಿತೇ? ಹೆಚ್ಚಿನವರು ಎಡವುವುದು ಇಲ್ಲೇ. 1944ರಲ್ಲಿ ಅಮೆರಿಕದ ಪ್ರಾಣಿವಿಜ್ಞಾನಿಗಳಾದ ರೇಮಂಡ್ ಕೌಲ್ಸ್ ಮತ್ತು ಚಾರ್ಲ್ಸ್ ಬೋಗರ್ಟ್ ಮರುಭೂಮಿಯ ಹಲ್ಲಿ, ಹಾವುಗಳ ಮೈ ಬಿಸಿ ಅಳೆದು ಒಂದು ವಿಷಯ ಸ್ಪಷ್ಟ ಮಾಡಿದರು. ಈ ಪ್ರಾಣಿಗಳು ಸುತ್ತಲಿನ ಗಾಳಿ ಎಷ್ಟು ಬಿಸಿಯೋ ಅಷ್ಟಕ್ಕೆ ಸುಮ್ನೆ ಹೊಂದಿಕೊಂಡು ಬಿದ್ದಿರುವುದಿಲ್ಲ. ಬಿಸಿಲಿಗೆ ಬಂದು, ನೆರಳಿಗೆ ಸರಿದು, ಮೈಯನ್ನು ತಮಗೆ ಬೇಕಾದ ಮಟ್ಟದಲ್ಲಿ ಇಟ್ಟುಕೊಳ್ಳುತ್ತವೆ. ಪೆಟ್ಟಿಗೆಯೊಳಗಿನ ಹಾವಿಗೂ ಈ ಓಡಾಟಕ್ಕೆ ಜಾಗ ಬೇಕು. ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಂಪಾಗಿರಬೇಕು. ಆಫ್ರಿಕಾದ ಸಣ್ಣ ಹೆಬ್ಬಾವಾದ ಬಾಲ್ ಪೈಥಾನ್‌ಗೆ ಬೆಚ್ಚನೆ ಬದಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ತಂಪು ಬದಿ 25-26 ಇದ್ದರೆ ಚೆನ್ನ. ಅಮೆರಿಕದ ವಿಷವಿಲ್ಲದ ಹಾವಾದ ಕಾರ್ನ್ ಸ್ನೇಕ್‌ಗೆ ಬೆಚ್ಚನೆ ಬದಿ 30ರ ಆಸುಪಾಸು, ತಂಪು ಬದಿ 22ರಿಂದ 24 ಸಾಕು. ಎರಡೂ ತುದಿಯಲ್ಲಿ ಅಡಗಲು ಒಂದೊಂದು ಗೂಡು ಇರಲೇಬೇಕು. ಗೂಡು ಒಂದೇ ಕಡೆ ಇದ್ದರೆ ಹೆದರುಪುಕ್ಕಲು ಹಾವು ಬಿಸಿಯೋ ತಂಪೋ ನೋಡದೆ ಅಲ್ಲೇ ಅವಿತು ಕೂರುತ್ತದೆ.

ಇನ್ನು ಬಿಸಿ ಕೊಡುವ ಸಾಮಾನು. ಹೀಟ್ ಮ್ಯಾಟ್ (ಪೆಟ್ಟಿಗೆಯ ಗಾಜಿನ ತಳದ ಕೆಳಗೆ ಇಡುವ ಬಿಸಿ ಚಾಪೆ), ಸೆರಾಮಿಕ್ ಹೀಟರ್, ಬಲ್ಬ್, ಯಾವುದನ್ನೇ ತಂದರೂ ಅದರ ಜೊತೆ ಥರ್ಮೋಸ್ಟ್ಯಾಟ್ (ಬಿಸಿಯನ್ನು ನಾವು ಇಟ್ಟ ಮಟ್ಟದಲ್ಲೇ ಹತೋಟಿಯಲ್ಲಿಡುವ ಸಾಧನ) ತರಲೇಬೇಕು. ದುಡ್ಡು ಉಳಿಸುವ ಜಾಗ ಇದಲ್ಲ. ಹತೋಟಿ ಇಲ್ಲದ ಮ್ಯಾಟ್ 40 ಡಿಗ್ರಿ ದಾಟಿಬಿಡಬಹುದು. ಬಿಸಿ ಮಿತಿಮೀರಿದರೂ ಹಾವು ಎಷ್ಟೋ ಸಲ ಅಲ್ಲೇ ಮಲಗಿರುತ್ತದೆ, ಹೊಟ್ಟೆಯ ಚರ್ಮ ಸುಟ್ಟುಹೋಗುತ್ತದೆ. ಬಲ್ಬು, ಸೆರಾಮಿಕ್ ಹೀಟರ್ ಪೆಟ್ಟಿಗೆಯ ಒಳಗಿದ್ದರೆ ಸುತ್ತ ತಂತಿಯ ಜಾಲರಿ ಬೇಕು. ಇಲ್ಲದಿದ್ದರೆ ಹಾವು ಹತ್ತಿ ಅದಕ್ಕೇ ಸುತ್ತಿಕೊಳ್ಳುತ್ತದೆ.

ಥರ್ಮೋಸ್ಟ್ಯಾಟಿನ ಪ್ರೋಬ್ (ಬಿಸಿ ಅಳೆಯುವ ತಂತಿಯ ತುದಿ) ಎಲ್ಲಿದೆ ಅನ್ನುವುದನ್ನು ದಯವಿಟ್ಟು ಬಗ್ಗಿ ನೋಡಿ. ಅದು ಪೆಟ್ಟಿಗೆಯ ತಳದಲ್ಲಿ ಹರಡಿದ ಹಾಸಿನ ಮೇಲೆ ಬಿದ್ದಿದ್ದರೆ ಅಳೆಯುವುದು ಹಾಸಿನ ಮೇಲ್ಭಾಗದ ಬಿಸಿಯನ್ನು. ಹಾವು ಹಾಸನ್ನು ತೋಡಿಕೊಂಡು ಕೆಳಗೆ ಹೋಗಿ ಗಾಜಿಗೇ ಮೈ ತಾಗಿಸುತ್ತದೆ, ಅಲ್ಲಿ ಬಿಸಿ ಇನ್ನೂ ಜಾಸ್ತಿ. ಹಾವು ಪ್ರೋಬನ್ನು ಪಕ್ಕಕ್ಕೆ ತಳ್ಳಿದರೆ ಅಥವಾ ಅದರ ಮೇಲೆ ನೀರು ಚೆಲ್ಲಿದರೆ ಇನ್ನೂ ಕಷ್ಟ. ಪ್ರೋಬ್ 'ತಣ್ಣಗಿದೆ' ಅನ್ನುತ್ತಿರುತ್ತದೆ, ಮ್ಯಾಟ್ ಕಾಯುತ್ತಲೇ ಹೋಗುತ್ತದೆ. ಪ್ರೋಬನ್ನು ಮ್ಯಾಟ್ ಇರುವ ಕಡೆ ಗಾಜಿಗೇ ಒತ್ತಿ, ಅಲುಗದಂತೆ ಕೂರಿಸುವುದು ಸರಿ. ಆದರೆ ಪೆಟ್ಟಿಗೆಯೊಳಗೆ ಅಂಟುಟೇಪು ಬೇಡವೇ ಬೇಡ. ಬಿಸಿಗೆ ಟೇಪು ಬಿಟ್ಟುಕೊಂಡು ಹಾವಿನ ಮೈಗೆ ಅಂಟಿದರೆ, ಬಿಡಿಸುವಾಗ ಚರ್ಮವೇ ಕಿತ್ತು ಬರುತ್ತದೆ.

ಚಳಿಗಾಲದಲ್ಲಿ ಪೆಟ್ಟಿಗೆ ಬಿಸಿಯಾಗುತ್ತಿಲ್ಲ ಅಂತ ದೊಡ್ಡ ಹೀಟರ್ ತರುವ ಮುಂಚೆ ಬಿಸಿ ಎಲ್ಲಿ ಸೋರುತ್ತಿದೆ ನೋಡಬೇಕು. ಗಾಜಿನ ಗೋಡೆ ಬೇಗ ಬಿಸಿ ಬಿಟ್ಟುಕೊಡುತ್ತದೆ. ಜಾಲರಿ ಮುಚ್ಚಳದಿಂದ ಬಿಸಿ ಗಾಳಿ ನೇರ ಮೇಲಕ್ಕೆ ಹೋಗುತ್ತದೆ. ಹಿಂದೆ ಮತ್ತು ಅಕ್ಕಪಕ್ಕ ಹೊರಗಿನಿಂದ ಥರ್ಮೋಕೋಲ್ ಹಲಗೆ ಇಟ್ಟು, ಬಲ್ಬು ಕೂತಿರದ ಕಡೆ ಮುಚ್ಚಳದ ಒಂದಿಷ್ಟು ಭಾಗ ಮುಚ್ಚಿದರೂ ಎಷ್ಟೋ ವ್ಯತ್ಯಾಸ ಆಗುತ್ತದೆ. ಗಾಳಿಯಾಡಲು ಜಾಗ ಉಳಿದಿರಬೇಕು. ಥರ್ಮೋಕೋಲ್ ಬಿಸಿ ಸಾಮಾನಿಗೆ ತಾಗಬಾರದು.

ಬಿಸಿ ಏರಿದಂತೆ ಗಾಳಿ ಒಣಗುತ್ತದೆ ಅನ್ನುವುದನ್ನು ತುಂಬ ಜನ ಗಮನಿಸುವುದಿಲ್ಲ. 20 ಡಿಗ್ರಿಯಲ್ಲಿ 60% ತೇವ ಇರುವ ಗಾಳಿಯನ್ನು ನೀರು ಸೇರಿಸದೆ 30 ಡಿಗ್ರಿಗೆ ಕಾಯಿಸಿದರೆ ತೇವ 33%ರ ಹತ್ತಿರಕ್ಕೆ ಇಳಿಯುತ್ತದೆ. ಬಾಲ್ ಪೈಥಾನ್‌ಗೆ ಇದು ಏನೇನೂ ಸಾಲದು. ಪೊರೆ ಚೂರುಚೂರಾಗಿ ಬರುತ್ತದೆ, ಕಣ್ಣಿನ ಮೇಲಿನ ಪೊರೆ ಅಲ್ಲೇ ಉಳಿದುಬಿಡುತ್ತದೆ. ಅಗಲವಾದ ನೀರಿನ ಬಟ್ಟಲು, ಒದ್ದೆ ಪಾಚಿ ತುಂಬಿದ ಒಂದು ಗೂಡು ಇಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಎಲ್ಲ ಸರಿಯಿದೆಯಾ ಅಂತ ತಿಳಿಯಲು ಥರ್ಮಾಮೀಟರಿನ ಜೊತೆ ಹಾವನ್ನೂ ನೋಡಬೇಕು ಅಲ್ವಾ? ಊಟ ಮಾಡದ ದಿನಗಳಲ್ಲೂ ಹೀಟರಿನ ಹತ್ತಿರವೇ ಬಿದ್ದಿದ್ದರೆ ಪೆಟ್ಟಿಗೆ ತಣ್ಣಗಿರಬಹುದು. ತಂಪು ಮೂಲೆಗೆ ಒತ್ತಿಕೊಂಡೋ ನೀರಿನ ಬಟ್ಟಲಲ್ಲೋ ದಿನವಿಡೀ ಇದ್ದರೆ ಬಿಸಿ ಜಾಸ್ತಿ ಆಗಿರಬಹುದು. (ಮೈಮೇಲೆ ಉಣ್ಣಿಯಂಥ ರಕ್ತ ಹೀರುವ ಹುಳ ಹತ್ತಿದಾಗಲೂ ನೀರಲ್ಲಿ ಕೂರುತ್ತವೆ, ಅದನ್ನೂ ನೋಡಿ.) ಒಂದೆರಡು ಡಿಗ್ರಿ ಬದಲಿಸಿ, ಒಂದು ದಿನ ಬಿಟ್ಟು ಮತ್ತೆ ನೋಡಿ.

ಕರೆಂಟು ಹೋದರೆ ಗಾಬರಿ ಬೇಡ. ಆರೋಗ್ಯವಾಗಿರುವ ದೊಡ್ಡ ಹಾವು ಕೆಲವು ಗಂಟೆ ನಿಧಾನಕ್ಕೆ ತಣ್ಣಗಾಗುವುದನ್ನು ತಡೆದುಕೊಳ್ಳುತ್ತದೆ. ಮಿತಿಮೀರಿದ ಬಿಸಿಯನ್ನು ಅಷ್ಟು ಹೊತ್ತು ತಡೆಯಲಾರದು. ಪೆಟ್ಟಿಗೆಗೆ ಕಂಬಳಿ ಹೊದಿಸಿ, ಬಿಸಿನೀರಿನ ಬಾಟಲಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಒಂದು ಬದಿಗೆ ಇಟ್ಟರೆ ಸಾಕು. ಅವತ್ತು ಊಟ ಹಾಕುವುದಿದ್ದರೆ ಮುಂದಕ್ಕೆ ಹಾಕಿ. ಕರೆಂಟು ಬಂದು ಬೆಚ್ಚನೆ ಬದಿ ಮೊದಲಿನ ಮಟ್ಟಕ್ಕೆ ಏರಿ ಒಂದು ದಿನವಾದ ಮೇಲೆ ಕೊಡಿ.