ಮೂವತ್ತೈದು ಎಂಬ ಉತ್ತರದ ಹಿಂದೆ

ಕಳೆದ ಮಳೆಗಾಲದಲ್ಲಿ ಹೊಸನಗರ ತಾಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದಾಗ, ನಾಲ್ಕನೇ ತರಗತಿಯ ಇಬ್ಬರು ಮಕ್ಕಳ ಗಣಿತದ ನೋಟ್‌ಬುಕ್ಕುಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಂಡು ನೋಡುವ ಅವಕಾಶ ಒದಗಿತು. 52ರಲ್ಲಿ 27 ಕಳೆದರೆ 35 ಎಂದು ಇಬ್ಬರೂ ಬರೆದಿದ್ದರು. ಇಬ್ಬರ ಉತ್ತರದ ಮೇಲೂ ಕೆಂಪು ಶಾಯಿಯ ಒಂದೇ ಬಗೆಯ ಗೀಟು ಇತ್ತು. ದಾಖಲೆಯಲ್ಲಿ ಇಬ್ಬರಿಗೂ ಒಂದೇ ಅಂಕ, ಷರಾ ಕಾಲಂನಲ್ಲಿ ‘ಹೆಚ್ಚಿನ ಅಭ್ಯಾಸ ಅಗತ್ಯ’ ಎಂಬ ಒಂದೇ ವಾಕ್ಯ. ಅದರ ಕೆಳಗಿನ ಲೆಕ್ಕ 61ರಲ್ಲಿ 38 ಕಳೆಯುವುದಾಗಿತ್ತು. ಅಲ್ಲಿ ಹುಡುಗಿ 37 ಎಂದು ಬರೆದಿದ್ದಳು, ಹುಡುಗ 33 ಎಂದು ಬರೆದಿದ್ದ.

ಸರಿಯಾದ ಉತ್ತರ 23 ಆದ್ದರಿಂದ ಇಬ್ಬರದೂ ತಪ್ಪೇ, ಆದರೆ ಅದು ಒಂದೇ ತಪ್ಪಲ್ಲ. ಹುಡುಗಿಯು ಪ್ರತಿ ಸ್ಥಾನದಲ್ಲಿಯೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯುತ್ತಿದ್ದಳು: ಬಿಡಿಸ್ಥಾನದಲ್ಲಿ ಮೇಲೆ 1, ಕೆಳಗೆ 8 ಇದ್ದರೂ ಅವಳ ಪಾಲಿಗೆ ಅದು 8ರಲ್ಲಿ 1 ಕಳೆದು 7. ಹುಡುಗನಿಗೆ ದಶಕ ತೆಗೆದುಕೊಳ್ಳುವುದು ಗೊತ್ತಿತ್ತು, 11ರಲ್ಲಿ 8 ಕಳೆದು 3 ಎಂದು ಸರಿಯಾಗಿಯೇ ಮಾಡಿದ್ದ. ಕೊಟ್ಟ ಹತ್ತರ ಮನೆಯಲ್ಲಿ ಒಂದು ಕಡಿಮೆಯಾಗಬೇಕೆಂಬುದನ್ನು ಮಾತ್ರ ಬಿಟ್ಟಿದ್ದ. ಮೊದಲ ಲೆಕ್ಕದಲ್ಲಿ ಈ ಎರಡು ದಾರಿಗಳೂ ಕಾಕತಾಳೀಯವಾಗಿ 35ಕ್ಕೇ ಬಂದು ಮುಟ್ಟುತ್ತವೆ. ಹುಡುಗಿಗೆ ಸ್ಥಾನಬೆಲೆಯನ್ನು ಕಡ್ಡಿಕಟ್ಟುಗಳಿಂದ ಮೊದಲಿನಿಂದ ತೋರಿಸಬೇಕು, ಹುಡುಗನಿಗೆ ಐದು ನಿಮಿಷದ ಮಾತು ಸಾಕು. ಇಬ್ಬರಿಗೂ ಇಪ್ಪತ್ತು ಲೆಕ್ಕಗಳ ‘ಹೆಚ್ಚಿನ ಅಭ್ಯಾಸ’ ಕೊಟ್ಟರೆ ಹುಡುಗಿ ತನ್ನ ತಪ್ಪು ನಿಯಮವನ್ನೇ ಇಪ್ಪತ್ತು ಸಲ ಗಟ್ಟಿ ಮಾಡಿಕೊಳ್ಳುತ್ತಾಳೆ.

ಮಕ್ಕಳ ತಪ್ಪುಗಳು ಅಜಾಗರೂಕತೆಯಿಂದ ಹುಟ್ಟುವುದಕ್ಕಿಂತ ಹೆಚ್ಚಾಗಿ ಒಂದು ನಿಯಮಕ್ಕೆ ಬದ್ಧವಾಗಿರುತ್ತವೆ ಎಂಬುದನ್ನು ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಇದೇ ವ್ಯವಕಲನವನ್ನು ಇಟ್ಟುಕೊಂಡು ವಿವರಿಸಿದರು. ಶಿಕ್ಷಕರ ತರಬೇತಿಯಲ್ಲಿ ನಾನು ಈ ಸಂಗತಿಗೆ ಅರ್ಧ ದಿನ ಕೊಡುತ್ತೇನೆ, ಏಕೆಂದರೆ ಪ್ರಶ್ನೆಪತ್ರಿಕೆ ತಯಾರಿಸುವಾಗ ನಾವು ಕಠಿಣತೆಯ ಮಟ್ಟವನ್ನು, ಅಂಕಗಳ ಹಂಚಿಕೆಯನ್ನು ನೋಡುತ್ತೇವೆಯೇ ಹೊರತು, ಎರಡು ಬೇರೆ ತಪ್ಪುಗಳು ಎರಡು ಬೇರೆ ಉತ್ತರಗಳನ್ನು ಕೊಡುವಂಥ ಸಂಖ್ಯೆಗಳನ್ನು ಆರಿಸಿದ್ದೇವೆಯೇ ಎಂದು ನೋಡುವುದಿಲ್ಲ. ಆ ದೃಷ್ಟಿಯಿಂದ 52 ಮತ್ತು 27 ಕೆಟ್ಟ ಜೋಡಿ, 61 ಮತ್ತು 38 ಒಳ್ಳೆಯ ಜೋಡಿ.

ನಮ್ಮ ಶಾಲೆಗಳಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು ನಡೆಯುತ್ತವೆ. ಇವುಗಳ ಇಂಗ್ಲಿಷ್ ಹ್ರಸ್ವರೂಪಗಳಾದ ಎಫ್‌ಎ, ಎಸ್‌ಎ ಎಂದರೆ ಮಕ್ಕಳಿಗೂ ಗೊತ್ತು. ಇವುಗಳ ಹಿಂದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಂ ಇದೆ, ಅದು ಮಗುವಿನ ತಿಳಿವಳಿಕೆಯ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ಕೇಳುತ್ತದೆ. ರೂಪಣಾತ್ಮಕ, ಸಂಕಲನಾತ್ಮಕ ಎಂಬ ವಿಂಗಡಣೆಯನ್ನು 1967ರಲ್ಲಿ ಮಾಡಿದವರು ಮೈಕೆಲ್ ಸ್ಕ್ರಿವನ್. ಕೆಲಸ ಇನ್ನೂ ನಡೆಯುತ್ತಿರುವಾಗಲೇ ಅದನ್ನು ತಿದ್ದಲು ನೆರವಾಗುವ ಮೌಲ್ಯಮಾಪನವನ್ನು ಅವರು ರೂಪಣಾತ್ಮಕ ಎಂದೂ, ಕೆಲಸ ಮುಗಿದ ಮೇಲೆ ಅದರ ಬೆಲೆ ಕಟ್ಟುವುದನ್ನು ಸಂಕಲನಾತ್ಮಕ ಎಂದೂ ಕರೆದರು. ತಿದ್ದುವಿಕೆ ನಡೆಯದಿದ್ದರೆ ಅದು ವರ್ಷಕ್ಕೆ ನಾಲ್ಕು ಸಲ ಬರುವ ಚಿಕ್ಕ ಸಂಕಲನಾತ್ಮಕ ಪರೀಕ್ಷೆ ಅಷ್ಟೇ. ಇದು ಕಟುವಾದ ಮಾತೆಂದು ಗೊತ್ತು, ಆದರೆ ಅಂಕಗಳನ್ನು ಪೋರ್ಟಲ್‌ಗೆ ಏರಿಸುವ ಕೊನೆಯ ದಿನಾಂಕದ ಬಗ್ಗೆ ನಡೆದಷ್ಟು ಚರ್ಚೆ ಮಕ್ಕಳ ಉತ್ತರಗಳ ಬಗ್ಗೆ ನಡೆದ ಸಮಾಲೋಚನಾ ಸಭೆಯನ್ನು ನಾನು ಕಂಡದ್ದು ಕಡಿಮೆ.

ಈ ಅನುಮಾನಕ್ಕೆ ಸಂಶೋಧನೆಯ ಆಧಾರವೂ ಇದೆ. ಹರಿಯಾಣದ ಸರ್ಕಾರಿ ಶಾಲೆಗಳಲ್ಲಿ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ಆರಿಸಿದ ಶಾಲೆಗಳಿಗೆ ಕೊಟ್ಟು, ಕೊಡದ ಶಾಲೆಗಳೊಂದಿಗೆ ಹೋಲಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಮೌಲ್ಯಮಾಪನ ಮಾತ್ರ ಸೇರಿದ್ದ ಕಡೆ ಮಕ್ಕಳ ಕಲಿಕೆಯಲ್ಲಿ ಗಮನಾರ್ಹ ವ್ಯತ್ಯಾಸವೇನೂ ಕಾಣಲಿಲ್ಲ. ಅದೇ ಅಧ್ಯಯನದಲ್ಲಿ, ದಿನದ ಒಂದು ಅವಧಿಯಲ್ಲಿ ತರಗತಿಯನ್ನು ಬದಿಗಿಟ್ಟು ಮಕ್ಕಳನ್ನು ಅವರ ಓದುವ ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿ ಕಲಿಸಿದ ಕಡೆ ಹಿಂದಿ ಓದು ಸುಧಾರಿಸಿತು. ಇದಕ್ಕೂ ಮೊದಲು, 2010ರಲ್ಲಿ, ಆಂಧ್ರಪ್ರದೇಶದ ಗ್ರಾಮೀಣ ಶಾಲೆಗಳ ಕುರಿತು ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಪ್ರಕಟಿಸಿದ ಅಧ್ಯಯನ ಇನ್ನೂ ಸ್ವಾರಸ್ಯಕರ. ಮಕ್ಕಳ ನ್ಯೂನತೆಗಳ ವಿವರವಾದ ವರದಿಯನ್ನು ಶಿಕ್ಷಕರ ಕೈಗಿಟ್ಟಾಗ, ವೀಕ್ಷಕರು ತರಗತಿಯಲ್ಲಿ ಕುಳಿತಿದ್ದ ಹೊತ್ತಿನಲ್ಲಿ ಶಿಕ್ಷಕರು ಹೆಚ್ಚು ಚುರುಕಾಗಿ ಪಾಠ ಮಾಡಿದರು. ವರ್ಷಾಂತ್ಯದಲ್ಲಿ ಮಕ್ಕಳ ಅಂಕಗಳು ಮಾತ್ರ ಉಳಿದ ಶಾಲೆಗಳಿಗಿಂತ ಮೇಲೇರಲಿಲ್ಲ. ತರಗತಿ ವೀಕ್ಷಣೆಗೆ ಹೋಗುವ ನಮ್ಮಂಥವರು ಈ ವಾಕ್ಯವನ್ನು ಡೈರಿಯ ಮೊದಲ ಪುಟದಲ್ಲಿ ಬರೆದುಕೊಳ್ಳಬಹುದು.

ಅಂಕದ ಜೊತೆಗೆ ನಾಲ್ಕು ಮಾತು ಬರೆದರೆ ಸಾಲದೇ ಎಂದು ಶಿಕ್ಷಕರು ಕೇಳುತ್ತಾರೆ. ಇಸ್ರೇಲಿನಲ್ಲಿ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ಮಕ್ಕಳಿಗೆ ಅಂಕ ಮಾತ್ರ, ಕೆಲವರಿಗೆ ಕೆಲಸದ ಬಗ್ಗೆ ಟಿಪ್ಪಣಿ ಮಾತ್ರ, ಇನ್ನು ಕೆಲವರಿಗೆ ಎರಡನ್ನೂ ಕೊಡಲಾಯಿತು. ಟಿಪ್ಪಣಿ ಮಾತ್ರ ಪಡೆದವರ ಕೆಲಸ ಉತ್ತಮಗೊಂಡಿತು. ಎರಡನ್ನೂ ಪಡೆದವರು ಅಂಕ ಮಾತ್ರ ಪಡೆದವರಂತೆಯೇ ಉಳಿದರು. ಅಂಕ ಕಂಡ ಮೇಲೆ ಕಣ್ಣು ಟಿಪ್ಪಣಿಯತ್ತ ಹೋಗುವುದಿಲ್ಲ. ಹಿಮ್ಮಾಹಿತಿ (ಮಾಡಿದ ಕೆಲಸ ಹೇಗಿದೆ ಎಂದು ಮಾಡಿದವರಿಗೆ ತಿಳಿಸುವುದು) ಎಲ್ಲ ಸಂದರ್ಭದಲ್ಲಿಯೂ ಒಳ್ಳೆಯದೆಂಬ ನಂಬಿಕೆಯೂ ನಿಲ್ಲುವುದಿಲ್ಲ: 1996ರಲ್ಲಿ ಕ್ಲೂಗರ್ ಮತ್ತು ಡೆನಿಸಿ 607 ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ ಮೂರನೇ ಒಂದಕ್ಕಿಂತ ಹೆಚ್ಚು ಕಡೆ ಹಿಮ್ಮಾಹಿತಿಯ ನಂತರ ಸಾಧನೆ ಕುಸಿದಿತ್ತು.

ಇನ್ನು ನಮ್ಮ ಬಿ.ಇಡಿ. ವಿದ್ಯಾರ್ಥಿಗಳ ಕ್ರಿಯಾ ಸಂಶೋಧನೆಯ, ಅಂದರೆ ತಮ್ಮದೇ ತರಗತಿಯ ಒಂದು ಸಮಸ್ಯೆಗೆ ಪರಿಹಾರ ಪ್ರಯೋಗಿಸಿ ನೋಡುವ ಕಿರು ಅಧ್ಯಯನದ, ವಿಚಾರ. ಪ್ರತಿ ವರ್ಷ ಕೈಗೆ ಬರುವ ವರದಿಗಳ ರಟ್ಟಿನ ಮೇಲೆ ಚಿನ್ನದ ಅಕ್ಷರ, ಒಳಗೆ ಒಂದೇ ಕಥೆ. ಜುಲೈನಲ್ಲಿ ಪೂರ್ವ ಪರೀಕ್ಷೆ ನಡೆಸಿ ಅತಿ ಕಡಿಮೆ ಅಂಕ ಪಡೆದ ಹತ್ತು ಮಕ್ಕಳನ್ನು ಆರಿಸುತ್ತಾರೆ, ಹೊಸ ವಿಧಾನದಿಂದ ಕೆಲವು ವಾರ ಕಲಿಸುತ್ತಾರೆ, ಸೆಪ್ಟೆಂಬರಿನಲ್ಲಿ ಉತ್ತರ ಪರೀಕ್ಷೆ ನಡೆಸುತ್ತಾರೆ, ಅಂಕ ಏರಿದೆ, ವಿಧಾನ ಪರಿಣಾಮಕಾರಿ. ಈ ವಿನ್ಯಾಸದಲ್ಲಿ ವಿಧಾನ ಯಾವುದಾಗಿದ್ದರೂ, ಏನೂ ಮಾಡದಿದ್ದರೂ, ಸರಾಸರಿ ಏರುವ ಸಾಧ್ಯತೆಯೇ ಹೆಚ್ಚು. ತೀರ್ಥಹಳ್ಳಿ, ಆಗುಂಬೆ ಕಡೆಯ ಜುಲೈ ತಿಂಗಳನ್ನು ನೆನಪಿಸಿಕೊಳ್ಳಿ: ಹಳ್ಳದ ಕಾಲುಸಂಕ ದಾಟಿ, ಸೊಂಟದವರೆಗೆ ನೆನೆದು ಬಂದ ಮಗು ಒದ್ದೆ ಬಟ್ಟೆಯಲ್ಲಿ ನಡುಗುತ್ತ ಬರೆದ ಉತ್ತರಪತ್ರಿಕೆ ಅದು. ಒಂದು ದಿನದ ಪರೀಕ್ಷೆಯಲ್ಲಿ ತೀರ ಕೆಳಗೆ ಬಿದ್ದವರಲ್ಲಿ ನಿಜವಾಗಿ ಹಿಂದುಳಿದವರೂ ಇರುತ್ತಾರೆ, ಅಂದು ಮಾತ್ರ ಕೆಟ್ಟ ದಿನ ಕಂಡವರೂ ಇರುತ್ತಾರೆ. ಎರಡನೆಯವರು ಮಳೆ ಇಳಿದ ಮೇಲೆ ತಾವಾಗಿಯೇ ತಮ್ಮ ಸಹಜ ಮಟ್ಟಕ್ಕೆ ಮರಳುತ್ತಾರೆ. ಸಂಖ್ಯಾಶಾಸ್ತ್ರದಲ್ಲಿ ಇದನ್ನು ಸರಾಸರಿಯತ್ತ ಹಿಂಚಲನೆ ಎನ್ನುತ್ತಾರೆ. ಮೊದಲು ಗುರುತಿಸಿದವರು ಫ್ರಾನ್ಸಿಸ್ ಗಾಲ್ಟನ್, ಹತ್ತೊಂಬತ್ತನೇ ಶತಮಾನದಲ್ಲಿ. ವರದಿಯಲ್ಲಿ, ಎರಡು ಸರಾಸರಿಗಳ ವ್ಯತ್ಯಾಸ ಆಕಸ್ಮಿಕವೇ ಎಂದು ನೋಡುವ ‘ಟಿ’ ಮೌಲ್ಯವನ್ನು ಎಷ್ಟೇ ಶ್ರದ್ಧೆಯಿಂದ ಲೆಕ್ಕ ಹಾಕಿದರೂ ಈ ದೋಷ ಹೋಗುವುದಿಲ್ಲ.

ಹೋಲಿಕೆಗೆ ಇನ್ನೊಂದು ಗುಂಪು ಬೇಕು ಎಂದರೆ, ಇಡೀ ಶಾಲೆಯಲ್ಲಿ ಇರುವುದೇ ಹನ್ನೊಂದು ಮಕ್ಕಳು ಎಂಬ ಉತ್ತರ ಬರುತ್ತದೆ. ಮಲೆನಾಡಿನಲ್ಲಿ ಅದು ನೆಪವಲ್ಲ. ಅಂಥ ಕಡೆ ನಾನು ಸೂಚಿಸುವುದು ಮಕ್ಕಳನ್ನು ಭಾಗ ಮಾಡುವುದನ್ನು ಬಿಟ್ಟು ಪಾಠವನ್ನು ಭಾಗ ಮಾಡುವ ಕ್ರಮ. ಸರಿಸುಮಾರು ಒಂದೇ ಕಷ್ಟದ ಎಂಟು ಪಾಠಾಂಶಗಳನ್ನು ಚೀಟಿ ಎತ್ತಿ ನಾಲ್ಕು ನಾಲ್ಕಾಗಿ ವಿಂಗಡಿಸಿ, ನಾಲ್ಕನ್ನು ಹೊಸ ವಿಧಾನದಿಂದ, ನಾಲ್ಕನ್ನು ವಾಡಿಕೆಯ ವಿಧಾನದಿಂದ ಕಲಿಸಿದರೆ ಪ್ರತಿ ಮಗುವೂ ತನಗೆ ತಾನೇ ಹೋಲಿಕೆಯಾಗುತ್ತದೆ. ಮಳೆ, ಮನೆ, ಹಸಿವು ಎರಡೂ ಕಡೆ ಒಂದೇ ಆಗಿರುತ್ತವೆ.

ಪರೀಕ್ಷೆ ಎಂದು ನಡೆಯುತ್ತದೆ ಎಂಬುದೂ ಫಲಿತಾಂಶವನ್ನು ತಿರುವು ಮುರುವು ಮಾಡಬಲ್ಲದು. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಎರಡು ಸಲ ಓದಿದರು, ಇಲ್ಲವೇ ಒಂದು ಸಲ ಓದಿ ನೆನಪಿನಿಂದ ಬರೆದರು. ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಎರಡು ಸಲ ಓದಿದವರಿಗೆ ನೆನಪಿದ್ದದ್ದು ಶೇ 81, ನೆನಪಿಸಿಕೊಂಡು ಬರೆದವರಿಗೆ ಶೇ 75. ಒಂದು ವಾರದ ನಂತರ ಕ್ರಮವಾಗಿ ಶೇ 42 ಮತ್ತು ಶೇ 56. ಪಾಠ ಮುಗಿದ ದಿನವೇ ಉತ್ತರ ಪರೀಕ್ಷೆ ನಡೆಸಿದ್ದರೆ ಸೋತ ವಿಧಾನವೇ ಗೆದ್ದಂತೆ ಕಾಣುತ್ತಿತ್ತು. ಆದ್ದರಿಂದ ದಸರಾ ರಜೆಯ ನಂತರ, ಮಕ್ಕಳಿಗೆ ಮೊದಲೇ ತಿಳಿಸದೆ, ಅದೇ ಪಾಠಾಂಶಗಳ ಮೇಲೆ ಇನ್ನೊಂದು ಕಿರುಪರೀಕ್ಷೆ ನಡೆಸದ ವರದಿಯನ್ನು ನಾನು ಈಗ ಮರಳಿಸುತ್ತೇನೆ.

ಒಂದರಿಂದ ಮೂರನೇ ತರಗತಿಯವರೆಗೆ ಮಕ್ಕಳು ಕಾರ್ಡುಗಳ ಮೂಲಕ ತಮ್ಮ ವೇಗದಲ್ಲಿ ಕಲಿಯುವ ನಲಿ-ಕಲಿಯ ತರಗತಿಗಳಲ್ಲಿ ಮೌಲ್ಯಮಾಪನದ ಕಾರ್ಡು ಕಲಿಕಾ ಏಣಿಯ ಮೆಟ್ಟಿಲುಗಳ ನಡುವೆಯೇ ಬರುತ್ತದೆ, ಮಗು ಅದನ್ನು ದಾಟದೆ ಮುಂದಿನ ಮೈಲಿಗಲ್ಲಿಗೆ ಹೋಗುವಂತಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾದ ಆ ಪದ್ಧತಿಯ ಬಗ್ಗೆ ತಕರಾರುಗಳು ಏನೇ ಇರಲಿ, ಪರೀಕ್ಷೆಗೂ ಮರುದಿನದ ಪಾಠಕ್ಕೂ ನಡುವೆ ಅಂತರವಿಲ್ಲದ ಈ ಏರ್ಪಾಡು ನಾಲ್ಕನೇ ತರಗತಿಗೆ ಬಂದ ಕೂಡಲೇ ಕೈಬಿಟ್ಟುಹೋಗುತ್ತದೆ.

ಹೊಸನಗರದ ಆ ಶಾಲೆಯ ಶಿಕ್ಷಕಿ ಮುಂದಿನ ಎಫ್‌ಎಗೆ ಮೊದಲು ಮೂರೇ ಲೆಕ್ಕ ಬರೆಸಿದರು, ಅಂಕ ಹಾಕಲಿಲ್ಲ. ಮೂರನೆಯದು 40ರಲ್ಲಿ 16 ಕಳೆಯುವುದು. 36 ಎಂದು ಬರೆದವರನ್ನು ಕಡ್ಡಿಕಟ್ಟುಗಳಿದ್ದ ಚಾಪೆಗೆ ಕಳುಹಿಸಿ, 34 ಎಂದು ಬರೆದವರನ್ನು ಕಪ್ಪುಹಲಗೆಯ ಬಳಿಗೆ ಕರೆದರು.