ಹಳೆಯ ಸ್ಕ್ರಿಪ್ಟ್, ಹೊಸ ಕರ್ನಲ್

ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್ ಕುಸಿದಾಗ ಯಂತ್ರದ ಮೆಮೊರಿಯನ್ನು ಉಳಿಸಿಡುವ ಕೆಲಸವನ್ನು ಕುಸಿದ ಕರ್ನಲ್‌ಗೇ ನಂಬಿ ಒಪ್ಪಿಸುವಂತಿಲ್ಲ. ಆದ್ದರಿಂದ ಕೆಡಂಪ್ ವ್ಯವಸ್ಥೆಯು ಮೊದಲೇ ಕಾಯ್ದಿರಿಸಿದ ಜಾಗದಲ್ಲಿ ಎರಡನೆಯ ಕರ್ನಲ್ ಒಂದನ್ನು ಎಬ್ಬಿಸಿ, ಮೊದಲನೆಯದರ ಮೆಮೊರಿಯನ್ನು ಅದರ ಕೈಯಿಂದ ಕಡತಕ್ಕೆ ಬರೆಸುತ್ತದೆ. ಆ ಕಡತವೇ ಕ್ರ್ಯಾಶ್ ಡಂಪ್. ಅದರಲ್ಲಿರುವುದು ಬೈಟುಗಳ ರಾಶಿ. ಯಾವ ಬೈಟು ಏನನ್ನು ಸೂಚಿಸುತ್ತದೆಂದು ತಿಳಿಸುವುದು ಅದೇ ಕರ್ನಲ್‌ನ ಡಿಬಗ್ ಮಾಹಿತಿ, ಅದನ್ನು ಓದಿ ಪ್ರಕ್ರಿಯೆಗಳ ಪಟ್ಟಿಯನ್ನೋ ಕೊನೆಯ ಲಾಗ್ ಸಂದೇಶಗಳನ್ನೋ ಮುಂದಿಡುವುದು ಡಿಬಗರ್ ಸ್ಕ್ರಿಪ್ಟ್.

ಸಾಮಾನ್ಯ ತಂತ್ರಾಂಶಗಳು ಕರ್ನಲ್‌ನ ಸೇವೆ ಪಡೆಯಲು ಬಳಸುವ ಸಿಸ್ಟಮ್ ಕಾಲ್‌ಗಳನ್ನು ಕೆಡದಂತೆ ಕಾಪಾಡುವ ಲಿನಕ್ಸ್, ತನ್ನ ಒಳರಚನೆಯ ಬಗ್ಗೆ ಅಂಥ ಯಾವ ಭರವಸೆಯನ್ನೂ ಕೊಡುವುದಿಲ್ಲ. 2020ರ 5.10 ಆವೃತ್ತಿಯಲ್ಲಿ ಲಾಗ್ ಸಂದೇಶಗಳನ್ನು ಇಟ್ಟುಕೊಳ್ಳುವ ಬಫರ್‌ನ ವಿನ್ಯಾಸವೇ ಬದಲಾದಾಗ, ಲಾಗ್ ಓದುವ ಸ್ಕ್ರಿಪ್ಟ್‌ಗಳನ್ನು ಹೊಸದಾಗಿ ಬರೆಯಬೇಕಾಯಿತು. 2021ರ 5.14ರಲ್ಲಿ ಆದ ಬದಲಾವಣೆ ಮೇಲ್ನೋಟಕ್ಕೆ ಚಿಕ್ಕದು: ಕರ್ನಲ್ ಪ್ರತಿ ಪ್ರಕ್ರಿಯೆಗೂ ಇಡುವ ದತ್ತಾಂಶ ರಚನೆಯಲ್ಲಿ ಅದರ ಸ್ಥಿತಿಯನ್ನು ಹೇಳುವ ‘ಸ್ಟೇಟ್’ ಎಂಬ ಸದಸ್ಯದ ಹೆಸರಿನ ಮುಂದೆ ಎರಡು ಅಡಿಗೆರೆಗಳು ಸೇರಿದವು. ಆದರೆ ಅದರೊಂದಿಗೆ ಅದರ ಗಾತ್ರವೂ 64 ಬಿಟ್ ಯಂತ್ರಗಳಲ್ಲಿ 8 ಬೈಟ್‌ನಿಂದ 4 ಬೈಟ್‌ಗೆ ಇಳಿಯಿತು. ಹೆಸರನ್ನಷ್ಟೇ ತಿದ್ದಿ 8 ಬೈಟ್ ಓದುವ ಸ್ಕ್ರಿಪ್ಟ್, ಅದಕ್ಕೆ ಸೇರದ ಇನ್ನೂ 4 ಬೈಟುಗಳನ್ನು ಒಟ್ಟಿಗೆ ಎಳೆದುಕೊಳ್ಳುತ್ತದೆ, ಅದೂ ಯಾವ ದೋಷಸೂಚನೆಯನ್ನೂ ಕೊಡದೆ. ಓಡದೆ ನಿಂತುಬಿಡುವ ಸ್ಕ್ರಿಪ್ಟ್‌ಗಿಂತ ಇದು ಹೆಚ್ಚು ಅಪಾಯಕಾರಿ.

ಇದಕ್ಕೆ ಆವೃತ್ತಿ ಸಂಖ್ಯೆಯನ್ನು ಪರೀಕ್ಷಿಸುವ ಸಾಲೊಂದನ್ನು ಸೇರಿಸಿದರೆ ಸಾಕೆಂದು ತೋರುವುದು ಸಹಜ. ಆದರೆ ಲಿನಕ್ಸ್ ಅನ್ನು ಸಿದ್ಧಪಡಿಸಿ ಹಂಚುವ ವಿತರಣಾ ಸಂಸ್ಥೆಗಳು ಹೊಸ ಕರ್ನಲ್‌ನ ತಿದ್ದುಪಡಿಗಳನ್ನು ಹಳೆಯ ಆವೃತ್ತಿಗೂ ಅಳವಡಿಸುವುದರಿಂದ, ಸಂಖ್ಯೆ ಹಳೆಯದಿದ್ದು ಒಳರಚನೆ ಹೊಸದಾಗಿರಬಹುದು. ಇಂಥ ಹೆಸರಿನ ಸದಸ್ಯ ಇದೆಯೇ, ಇದ್ದರೆ ಎಷ್ಟನೆಯ ಬೈಟ್‌ನಲ್ಲಿದೆ, ಗಾತ್ರ ಎಷ್ಟು ಎಂದು ಡಿಬಗ್ ಮಾಹಿತಿಯನ್ನೇ ಕೇಳುವುದು ಸರಿಯಾದ ದಾರಿ. ಡಂಪ್ ಓದಲು ಬಳಸುವ ‘ಕ್ರ್ಯಾಶ್’ ಉಪಕರಣವೂ ಮೊದಲು ಹಳೆಯ ಹೆಸರನ್ನು ಹುಡುಕಿ, ಸಿಗದಿದ್ದರೆ ಹೊಸದಕ್ಕೆ ಹೋಗುತ್ತದೆ.

ಇಷ್ಟಾದರೂ, ಓದುತ್ತಿರುವುದು ಕೆಟ್ಟುಹೋದ ಕರ್ನಲ್‌ನ ಮೆಮೊರಿ ಎಂಬುದನ್ನು ಸ್ಕ್ರಿಪ್ಟ್ ಮರೆಯುವಂತಿಲ್ಲ. ಹಾಳಾದ ಕೊಂಡಿಯಿಂದಾಗಿ ಪಟ್ಟಿಯೊಂದು ತನ್ನ ಸುತ್ತಲೇ ಸುತ್ತುತ್ತಿರಬಹುದು, ಹಾಗಾಗಿ ಎಣಿಕೆಗೊಂದು ಮಿತಿ ಬೇಕು. ಡಂಪ್ ಅಪೂರ್ಣವಾಗಿದ್ದು ಮೆಮೊರಿಯ ಪುಟವೇ (ಅದರ ಒಂದು ತುಣುಕೇ) ಸಿಗದಿದ್ದಾಗ ಅದನ್ನು ‘ಸಿಗಲಿಲ್ಲ’ ಎಂದೇ ತೋರಿಸಬೇಕು, ಸೊನ್ನೆ ತುಂಬಬಾರದು. ಸ್ಥಿತಿಯ ಜಾಗದಲ್ಲಿ ಸೊನ್ನೆ ಇದ್ದರೆ ಆ ಪ್ರಕ್ರಿಯೆ ಓಡುತ್ತಿತ್ತು, ಇಲ್ಲವೇ ಓಡಲು ಸಿದ್ಧವಿತ್ತು ಎಂದೇ ಅರ್ಥ.